ಮೇಲಿಂದ ಮಂಗ, ಕೆಳಗಿಂದ ಮುಳ್ಳುಹಂದಿ: ನಮ್ಮ ಹಿತ್ತಲಿನ ಜಾಲರಿ ಮನೆ

ನಮ್ಮ ಮನೆ ಸಿದ್ದಾಪುರ ತಾಲೂಕಿನ ಒಂದು ಮೂಲೆಯಲ್ಲಿದೆ. ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ನಡುವೆ ಮನೆ ಮತ್ತು ಹಿತ್ತಲು. ಬೆಟ್ಟದಿಂದ ತೋಟದ ಹಳ್ಳಕ್ಕೆ ನೀರಿಗೆ ಇಳಿಯುವವರೆಲ್ಲ ನಮ್ಮ ಹಿತ್ತಲು ದಾಟಿಯೇ ಹೋಗಬೇಕು. ದಾಟುವಾಗ ಯಾರೂ ಸುಮ್ನೆ ಹೋಗುವುದಿಲ್ಲ, ಅಷ್ಟೇ.

ಕಳೆದ ನವೆಂಬರ್‌ನಲ್ಲಿ ಆಯಿ (ನನ್ನ ಅಮ್ಮ) ಸುವರ್ಣಗಡ್ಡೆ ಕೀಳಲು ದಿನ ಎಣಿಸುತ್ತಿದ್ದಳು. 18 ಬುಡ ನೆಟ್ಟಿದ್ದಳು. ಒಂದು ಬೆಳಿಗ್ಗೆ ನೋಡಿದರೆ 11 ಬುಡದಲ್ಲಿ ಬರೀ ಗುಂಡಿ. ಒಂದು ಗುಂಡಿಯ ಪಕ್ಕ ಕಪ್ಪು ಬಿಳಿ ಪಟ್ಟೆಯ ಮುಳ್ಳು ಬಿದ್ದಿತ್ತು, ರಸೀತಿ ಇಟ್ಟು ಹೋದ ಹಾಗೆ. ಅದೇ ವಾರ ಮಂಗಗಳು ಬಂದು ಬದನೆ, ಬೆಂಡೆ, ಅಲಸಂದೆ ಮೂರನ್ನೂ ಒಂದೇ ಮಧ್ಯಾಹ್ನ ಮುಗಿಸಿದವು. ತಿಂದದ್ದಕ್ಕಿಂತ ಕಿತ್ತು ಎಸೆದದ್ದೇ ಜಾಸ್ತಿ.

ಅದಕ್ಕೂ ಮುಂಚೆ ನಾವೇನೂ ಕೈಕಟ್ಟಿ ಕೂತಿರಲಿಲ್ಲ. ಖಾಲಿ ಡಬ್ಬ ಕಟ್ಟಿದ್ದೆವು, ಹಳೇ ಸೀರೆ ಸುತ್ತಿದ್ದೆವು, ಕ್ಷೌರದಂಗಡಿಯಿಂದ ಕೂದಲು ತಂದು ಉದುರಿಸಿದ್ದೆವು. ಬೆರ್ಚಪ್ಪನನ್ನು ನಿಲ್ಲಿಸಿದ ಮೂರನೇ ದಿನ ಅವನ ಟೋಪಿ ಮಾವಿನ ಮರದ ಮೇಲಿತ್ತು. ಗರ್ನಾಲು ಹೊಡೆದರೆ ಅವಕ್ಕಿಂತ ಮೊದಲು ನಮ್ಮ ಆಕಳೇ ಹಗ್ಗ ಹರಿದುಕೊಂಡು ಓಡುತ್ತಿತ್ತು.

ಸಲಹೆ ಕೊಡುವವರಿಗೂ ಬರ ಇರಲಿಲ್ಲ. ಒಬ್ಬರು ಉರುಳು ಹಾಕು ಅಂದರು. ಉರುಳಿಗೆ ಮುಳ್ಳುಹಂದಿ ಅಂತ ಗುರುತು ಸಿಗುವುದಿಲ್ಲ. ಅದೇ ದಾರಿಯಲ್ಲಿ ಚಿರತೆ ಬಂದರೂ ಬೀಳುತ್ತದೆ, ನಮ್ಮ ನಾಯಿ ಹೋದರೂ ಬೀಳುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧವೂ ಹೌದು. ಇನ್ನೊಬ್ಬರು ತಂತಿಗೆ ಮನೆ ಕರೆಂಟನ್ನೇ ಕೊಟ್ಟುಬಿಡು ಅಂದರು. ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೆ ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಏಟು ಕೊಟ್ಟು ಬಿಡುತ್ತದೆ. ಮುಟ್ಟಿದವರು ಕೈ ಎಳೆದುಕೊಳ್ಳಬಹುದು. ಮನೆಯ ಕರೆಂಟು ಬಿಡುವುದಿಲ್ಲ, ಹಿಡಿದವರನ್ನು ಹಿಡಿದೇ ಇರುತ್ತದೆ. ಬೆಳಿಗ್ಗೆ ಕತ್ತಲಲ್ಲಿ ಹಾಲು ಕರೆಯಲು ಏಳುವವಳು ಆಯಿ. ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಿತು.

ಕೊನೆಗೆ ನಾನೂ ಅಪ್ಪಯ್ಯನೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ಇಡೀ ಹಿತ್ತಲು ಕಾಯುವುದು ನಮ್ಮಿಂದ ಆಗದ ಕೆಲಸ. ಅಡುಗೆಗೆ ದಿನಾ ಬೇಕಾಗುವ ತರಕಾರಿಗೆ ಎಷ್ಟು ಜಾಗ ಬೇಕೋ ಅಷ್ಟನ್ನು ಮಾತ್ರ ಗಟ್ಟಿಯಾಗಿ ಮುಚ್ಚುವುದು. ಹೊರಗಿನ ಪಪ್ಪಾಯಿ, ಹಲಸು, ಹಳ್ಳದ ಬದಿಯ ಬಾಳೆಗೆ ಜಗಳ ಆಡುವುದಿಲ್ಲ. ಸಿಕ್ಕಿದರೆ ನಮಗೆ, ಇಲ್ಲದಿದ್ದರೆ ಅವಕ್ಕೆ.

ಡಿಸೆಂಬರ್ ಮೊದಲ ವಾರ: ಕಂಬ ಮತ್ತು ಗೋಡೆ

ಅಳತೆ 24 ಅಡಿ ಉದ್ದ, 12 ಅಡಿ ಅಗಲ. ಸುತ್ತಳತೆ 72 ಅಡಿ. ಆರು ಅಡಿಗೆ ಒಂದರಂತೆ 12 ಕಂಬ. ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) 20 ಅಡಿ ಉದ್ದ ಬರುತ್ತದೆ. ಒಂದು ಪೈಪಿನಲ್ಲಿ 9 ಅಡಿಯ ಎರಡು ಕಂಬ ಆಗುತ್ತವೆ. ಒಂದೂವರೆ ಅಡಿ ನೆಲದೊಳಗೆ, ಏಳೂವರೆ ಅಡಿ ಮೇಲೆ. ಕಂಬಕ್ಕೆ ಒಂದೂವರೆ ಇಂಚಿನ ಪೈಪು ತಂದೆ. ಮೇಲೆ ಅಡ್ಡಕ್ಕೆ ಹಾಕುವುದು ಸ್ವಲ್ಪ ಸಣ್ಣದಾದರೂ ನಡೆಯುತ್ತದೆ.

ಗುಂಡಿ ತೆಗೆಯುವುದು ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ದಿನ ಹಿಡಿಯಿತು. ನಮ್ಮಲ್ಲಿ ಒಂದು ಅಡಿ ಮಣ್ಣು ತೆಗೆದರೆ ಕೆಳಗೆ ಚಿರೆಕಲ್ಲಿನ (ಜಂಬಿಟ್ಟಿಗೆಯ) ಪದರ. ಹಾರೆ ಹಾಕಿದರೆ ಠಣ್ ಅನ್ನುತ್ತದೆ, ಹಿಡಿಯಷ್ಟು ಪುಡಿ ಬರುತ್ತದೆ. ಒಳ್ಳೆಯದೂ ಆಯಿತು. ಕಾಂಕ್ರೀಟು ಹಾಕಿ ಒಂದು ವಾರ ನೀರುಣಿಸಿದ ಮೇಲೆ ಕಂಬ ಅಲ್ಲಾಡಲಿಲ್ಲ.

ಜಾಲರಿಗೆ ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಅಡ್ಡಡ್ಡ ಇಟ್ಟು ಬೆಸೆದದ್ದು, ಆರಿಸಿದೆ. ಚೈನ್‌ಲಿಂಕ್ ಹೆಣೆದ ಜಾಲರಿ ಅಗ್ಗ, ಆದರೆ ಒಂದು ಕಡೆ ತಂತಿ ತುಂಡಾದರೆ ಸ್ವೆಟರ್ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ವೆಲ್ಡ್ ಮೆಶ್ ಕೊಳ್ಳುವಾಗ ಒಂದು ವಿಷಯ ಕೇಳಿಕೊಳ್ಳಿ. ಮೊದಲೇ ಸತು ಹಾಕಿದ ತಂತಿಯನ್ನು ಆಮೇಲೆ ಬೆಸೆದದ್ದಾದರೆ ಬೆಸುಗೆಯ ಜಾಗದಲ್ಲಿ ಸತು ಸುಟ್ಟುಹೋಗಿರುತ್ತದೆ. ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಆ ಜಾಗ ಕೆಂಪಾಗುತ್ತದೆ. ಬೆಸೆದು ಆದಮೇಲೆ ಇಡೀ ಜಾಲರಿಯನ್ನು ಸತುವಿನಲ್ಲಿ ಅದ್ದಿದ್ದು ಬಾಳಿಕೆ ಬರುತ್ತದೆ. ದುಡ್ಡು ಜಾಸ್ತಿ, ಆದರೂ ಅದನ್ನೇ ತಂದೆ.

ಸುರುಳಿ 4 ಅಡಿ ಅಗಲ, 50 ಅಡಿ ಉದ್ದ. ಕೆಳಗೊಂದು ಸುತ್ತು, ಮೇಲೊಂದು ಸುತ್ತು, ನಡುವೆ ಆರು ಇಂಚು ಒಂದರ ಮೇಲೊಂದು. ಅಲ್ಲಿಗೆ ಏಳೂವರೆ ಅಡಿ ಸರಿಯಾಯಿತು. ಕೆಳಗಿನ ಸುತ್ತಿಗೆ ಒಂದು ಇಂಚಿನ ಕಣ್ಣು, ಹೆಗ್ಗಣ ನುಗ್ಗದ ಹಾಗೆ. ಮೇಲಿನದಕ್ಕೆ ಎರಡು ಇಂಚಿನದು. ಜೇನು, ದುಂಬಿ ಆರಾಮಾಗಿ ಒಳಗೆ ಬರಬೇಕಲ್ವಾ, ಇಲ್ಲದಿದ್ದರೆ ಹೀರೆ, ಮಗೆಕಾಯಿ ಕಚ್ಚುವುದು ಹೇಗೆ? ಕಂಬಕ್ಕೆ ಬೈಂಡಿಂಗ್ ವೈರ್‌ನಿಂದ ಬಿಗಿದೆ, ಗೇಣಿಗೊಂದು ಗಂಟು. ಎರಡನೇ ದಿನದ ಹೊತ್ತಿಗೆ ಬೆರಳ ತುದಿ ಎಲ್ಲ ಚುಚ್ಚಿ ಹೋಗಿತ್ತು. ಕೈಗವಸು ಹಾಕಿಕೊಂಡರೆ ಗಂಟು ಬರುವುದಿಲ್ಲ, ತೆಗೆದರೆ ಬೆರಳು ಉಳಿಯುವುದಿಲ್ಲ.

ಮೇಲ್ಚಾವಣಿಗೆ ಮಾತ್ರ ಜಿಪುಣತನ ಮಾಡಿದೆ. ಪೇಟೆಯ ಅಂಗಡಿಯಲ್ಲಿ ಹಸಿರು ನೈಲಾನ್ ಬಲೆ ತೋರಿಸಿ, "ಇದು ಸಾಕು ಹೆಗ್ಡೇರೆ, ಎಲ್ಲರೂ ಇದನ್ನೇ ಒಯ್ತಾರೆ" ಅಂದರು. ಹಗುರ, ಅಗ್ಗ, ಒಂದು ಗಂಟೆಯಲ್ಲಿ ಹೊದಿಸಿ ಮುಗಿಯಿತು. ಉಳಿದ ಅಂಚು ಬದಿಯಲ್ಲಿ ನೆಲದವರೆಗೂ ಜೋತುಬಿದ್ದಿತ್ತು. ಕತ್ತರಿಸುವುದು ಯಾಕೆ, ಇರಲಿ ಅಂತ ಬಿಟ್ಟೆ. ಅದೇ ತಪ್ಪಾಯಿತು.

ಡಿಸೆಂಬರ್ 21: ಕೆಳಗಿಂದ

ಬಾಗಿಲು ಹಾಕಿ ಒಂಬತ್ತನೇ ದಿನ. ಉಳಿದಿದ್ದ ಏಳು ಸುವರ್ಣಗಡ್ಡೆ ಒಳಗಿತ್ತು, ಪಕ್ಕದಲ್ಲಿ ಕೆಸು. ಬೆಳಿಗ್ಗೆ ಹೋದರೆ ಜಾಲರಿಯ ಬುಡದಲ್ಲಿ ಬುಟ್ಟಿ ಹೊಕ್ಕುವಷ್ಟು ದೊಡ್ಡ ಬಿಲ. ಮಣ್ಣೆಲ್ಲ ಹೊರಗೆ ಎರಚಿತ್ತು. ಒಳಗೆ ಎರಡು ಗಡ್ಡೆ ಇಲ್ಲ, ಕೆಸುವಿನ ಸಾಲು ಪೂರ್ತಿ ಉತ್ತ ಹಾಗಿತ್ತು.

ಅಪ್ಪಯ್ಯ ಕೋಲೂರಿಕೊಂಡು ಬಂದು ಬಿಲ ನೋಡಿ ಅಂದದ್ದು ಒಂದೇ ಮಾತು. "ತಮಾ, ನೀ ಮೇಲೆ ನೋಡ್ತಾ ಇದ್ದೆ. ಅದು ಕೆಳಗಿಂದ ಬತ್ತು."

ಮುಳ್ಳುಹಂದಿಗೆ ಹಂದಿ ಅಂತ ಹೆಸರು, ಆದರೆ ಅದು ಇಲಿ ಅಳಿಲುಗಳ ಜಾತಿಯದು. ಮುಂಗಾಲು, ಉಗುರು, ಬಾಚಿಹಲ್ಲು ಮೂರೂ ಅಗೆಯಲೆಂದೇ ಇದ್ದ ಹಾಗೆ. ಹತ್ತು ಹದಿನೈದು ಕೆಜಿಯ ಪ್ರಾಣಿ ರಾತ್ರಿಯಿಡೀ ಬಿಡುವಾಗಿದ್ದರೆ ಚಿರೆಕಲ್ಲಿನ ಸಡಿಲ ಪದರವೂ ಅದಕ್ಕೆ ಲೆಕ್ಕವಿಲ್ಲ. ಮುಳ್ಳನ್ನು ಬಾಣದ ಹಾಗೆ ಬಿಡುತ್ತದೆ ಅಂತ ನಮ್ಮೂರಲ್ಲಿ ಈಗಲೂ ಹೇಳುವವರಿದ್ದಾರೆ. ಅದು ನಿಜವಲ್ಲ. ಮುಳ್ಳು ಅಂದರೆ ಗಟ್ಟಿಯಾದ ಕೂದಲು. ಹೆದರಿದಾಗ ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ, ಆಗ ಚುಚ್ಚಿಕೊಂಡದ್ದು ಕಳಚಿ ಉಳಿಯುತ್ತದೆ. ನಾಯಿಗಳ ಮೂತಿಗೆ ಇದು ಚೆನ್ನಾಗಿ ಗೊತ್ತು.

ಮೊದಲು ಬುಡಕ್ಕೆ ಕಲ್ಲು ಜೋಡಿಸಿದೆ. ಕಲ್ಲಿನ ಈಚೆಯಿಂದ ಅಗೆದು ಕಲ್ಲನ್ನೇ ಬಿಲದೊಳಗೆ ಬೀಳಿಸಿತು. ಯಾವ ಕಡೆಯಿಂದ ಬರುತ್ತದೆ ಅಂತ ನೋಡಲು ಸುತ್ತಲೂ ತೆಳುವಾಗಿ ಮರಳು ಹರಡಿದೆ. ಹೆಜ್ಜೆಯ ಜೊತೆ ಮುಳ್ಳು ಎಳೆದ ಗೀರು ಬಿದ್ದಿತ್ತು. ಎರಡು ಪ್ರಾಣಿಗಳು ಇದ್ದ ಹಾಗಿತ್ತು. ಮರಳಿನಲ್ಲಿ ಒಂದು ಸಂಗತಿ ಚೆನ್ನಾಗಿ ಕಂಡಿತು. ಅವು ಬಂದು ನೇರ ಜಾಲರಿಗೆ ಮೂಗು ತಾಗಿಸುತ್ತವೆ, ತಾಗಿದ ಕಡೆಯೇ ಅಗೆಯಲು ಶುರು ಮಾಡುತ್ತವೆ. ಎರಡು ಅಡಿ ಹಿಂದಕ್ಕೆ ಬಂದು ಅಗೆಯುವ ಯೋಚನೆ ಅವಕ್ಕೆ ಬಂದಿಲ್ಲ.

ಅಲ್ಲೇ ಉಪಾಯ ಸಿಕ್ಕಿತು. ಗೋಡೆಯನ್ನು ಆಳಕ್ಕೆ ಇಳಿಸುವ ಬದಲು ನೆಲದ ಮೇಲೆ ಹೊರಕ್ಕೆ ಚಾಚುವುದು. ಇನ್ನೊಂದು ಸುರುಳಿ ತಂದು ಉದ್ದಕ್ಕೆ ಸೀಳಿದೆ, 4 ಅಡಿ ಇದ್ದದ್ದು 2 ಅಡಿಯ ಎರಡು ಪಟ್ಟಿ ಆಯಿತು. ಗೋಡೆಯ ಬುಡದಿಂದ ಹೊರಗೆ ಎರಡು ಅಡಿ ಅಗಲಕ್ಕೆ, ನಾಲ್ಕು ಬೆರಳು ಆಳ ಮಣ್ಣು ಕೆರೆದು, ಪಟ್ಟಿ ಹಾಸಿ, ಗೋಡೆಯ ಜಾಲರಿಗೆ ಗಂಟು ಹಾಕಿ, ಕಬ್ಬಿಣದ ಸರಳಿನ ಕೊಕ್ಕೆ ಹೊಡೆದು, ಮತ್ತೆ ಮಣ್ಣು ಮುಚ್ಚಿದೆ. ಬಾಗಿಲ ಕೆಳಗೆ ಕಾಂಕ್ರೀಟಿನ ಹೊಸ್ತಿಲು. ಈಗ ಎಲ್ಲಿ ಅಗೆದರೂ ನಾಲ್ಕು ಬೆರಳಿಗೆ ತಂತಿ ಸಿಗುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಹಲಸಿನ ಬೇರು ಅಡ್ಡ ಬಂತು. ಬೇರು ಕಡಿಯಲು ಆಯಿ ಬಿಡಲಿಲ್ಲ. ಅಲ್ಲಿ ಎರಡೂವರೆ ಅಡಿ ಜಾಗಕ್ಕೆ ಚಿರೆಕಲ್ಲು ಬಿಗಿದು ಬಿಟ್ಟೆ.

ಅದಾದ ಮೇಲೆ ಸುಮಾರು ಹತ್ತು ರಾತ್ರಿ ಕೆರೆದ ಗುರುತು ಇತ್ತು. ಆಮೇಲೆ ನಿಂತಿತು.

ಜನವರಿ: ಬಾಗಿಲಿಂದ

ಮಂಗಗಳ ಬಗ್ಗೆ ಬರೆಯುವ ಮೊದಲು ಒಂದು ಮಾತು. ನಮ್ಮಲ್ಲಿ ಎರಡು ಥರದವು ಬರುತ್ತವೆ. ಕಪ್ಪು ಮುಖ, ಉದ್ದ ಬಾಲದ ಮುಸಿಯ. ಇದು ಎಲೆ ತಿನ್ನುವುದು ಜಾಸ್ತಿ, ಮರ ಬಿಟ್ಟು ಇಳಿಯುವುದು ಕಡಿಮೆ. ಅಲಸಂದೆ ಚಿಗುರು ಕಿತ್ತರೂ ಬಿಟ್ಟುಬಿಡಬಹುದು. ಇನ್ನೊಂದು ತಲೆಯ ಮೇಲೆ ಬೈತಲೆ ತೆಗೆದ ಹಾಗಿರುವ ಮಂಗ. ಇದರ ಕೆನ್ನೆಯೊಳಗೆ ಚೀಲ ಇದೆ. ಐದು ನಿಮಿಷ ಸಿಕ್ಕಿದರೆ ಕೈಗೆ ಬಂದದ್ದನ್ನೆಲ್ಲ ಅದರಲ್ಲಿ ತುಂಬಿಕೊಂಡು, ಮರದ ಮೇಲೆ ಕೂತು ನಿಧಾನಕ್ಕೆ ಅಗಿಯುತ್ತದೆ. ನನ್ನ ಜಗಳ ಎಲ್ಲ ಇದರ ಜೊತೆ.

ಬಾಗಿಲಿಗೆ ಸಾದಾ ಟವರ್ ಬೋಲ್ಟ್ (ಸರಿಸುವ ಚಿಲಕ) ಹಾಕಿದ್ದೆ. ನಾನು ದಿನಾ ತೆಗೆದು ಹಾಕುವುದನ್ನು ಯಾರೋ ನೋಡುತ್ತಿದ್ದಿರಬೇಕು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹಿತ್ತಲಲ್ಲಿ ಗಲಾಟೆ. ಓಡಿದರೆ ಬಾಗಿಲು ಹಾರುಹೊಡೆದಿದೆ, ಒಳಗೆ ಏಳೋ ಎಂಟೋ. ನಾನು ಬಾಗಿಲಲ್ಲಿ ನಿಂತದ್ದೇ ದೊಡ್ಡ ತಪ್ಪು. ಅವಕ್ಕೆ ಹೊರಗೆ ಹೋಗಲು ಅದೊಂದೇ ದಾರಿ. ದೊಡ್ಡ ಗಂಡು ಹಲ್ಲು ತೋರಿಸಿ ನನ್ನ ಕಡೆಯೇ ಬಂತು. ನಾನು ಪಕ್ಕಕ್ಕೆ ಹಾರಿದೆ, ಅವು ಸಾಲಾಗಿ ಹೊರಟವು. ಕೊನೆಯ ಮರಿಯ ಕೈಯಲ್ಲಿ ಎರಡು ಬದನೆಕಾಯಿ ಇತ್ತು.

ಬೋಲ್ಟಿಗೆ ನಾಯಿ ಸರಪಳಿಯಲ್ಲಿ ಇರುತ್ತದಲ್ಲ, ಆ ಸ್ಪ್ರಿಂಗ್ ಕೊಕ್ಕೆ ಸಿಕ್ಕಿಸಿದೆ. ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ತಿರುಗಿಸಬೇಕು. ಇವತ್ತಿನವರೆಗೆ ಅವಕ್ಕೆ ಬಂದಿಲ್ಲ. ಬಾಗಿಲನ್ನು ಒಳಕ್ಕೆ ತೆರೆಯುವ ಬದಲು ಹೊರಕ್ಕೆ ತೆರೆಯುವ ಹಾಗೆ ಬದಲಿಸಿದೆ. ಯಾರಾದರೂ ಒಳಗೆ ಸಿಕ್ಕಿಕೊಂಡರೆ ದೂರದಿಂದಲೇ ಹಗ್ಗ ಎಳೆದು ತೆರೆಯಬಹುದು.

ಇನ್ನೊಂದು ಸಮಸ್ಯೆ ಕೈ. ಎರಡು ಇಂಚಿನ ಕಣ್ಣಿನಲ್ಲಿ ಮಂಗನ ಕೈ ಸಲೀಸಾಗಿ ಹೋಗುತ್ತದೆ. ಜಾಲರಿಗೆ ತಾಗಿ ಇದ್ದ ಗಿಡಗಳೆಲ್ಲ ಬೋಳಾದವು, ಒಂದು ಅಡಿ ಒಳಗಿದ್ದವು ಉಳಿದವು. ಅವುಗಳ ತೋಳಿನ ಅಳತೆ ಅವೇ ಬರೆದುಕೊಟ್ಟ ಹಾಗಾಯಿತು. ಸುತ್ತಲೂ ಒಂದೂವರೆ ಅಡಿ ಬಿಟ್ಟು ಓಡಾಡುವ ದಾರಿ ಮಾಡಿಕೊಂಡೆ. ಜಾಲರಿಯ ಅಂಚಿಗೆ ಅರಿಶಿನ, ಶುಂಠಿ, ಹಾಗಲ, ಸೂಜಿಮೆಣಸು ಹಾಕಿದೆ. ಇವನ್ನು ನಮ್ಮ ಕಡೆಯವು ಮೂಸಿ ನೋಡಿ ಬಿಟ್ಟವು.

ಈ ತಿಂಗಳುಗಳಲ್ಲಿ ನಮಗೆ ಇನ್ನೊಂದು ಎಚ್ಚರಿಕೆಯೂ ಇರುತ್ತದೆ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ತಾಲೂಕಿಗೂ ಬಂದಿದೆ. ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಅದು ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಉಣುಗು ಇರುವುದು ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ), ಕುರುಚಲಿನಲ್ಲಿ. ಹಾಗಾಗಿ ಜಾಲರಿ ಮನೆಯ ಸುತ್ತ ನಾಲ್ಕು ಅಡಿ ದರಕು ಗುಡಿಸಿ ನೆಲ ಕಾಣುವ ಹಾಗೆ ಇಟ್ಟಿದ್ದೇನೆ. ಬೆಟ್ಟದ ಕಡೆ ಕೆಲಸ ಇದ್ದ ದಿನ ತುಂಬು ತೋಳಿನ ಅಂಗಿ, ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆ, ಬಂದಕೂಡಲೇ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟುವುದಿಲ್ಲ, ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡುತ್ತೇವೆ. ಮಂಗಗಳಿಗೆ ಬಾಳೆಹಣ್ಣು ಇಡುವ ಅಭ್ಯಾಸ ಪೇಟೆಯಿಂದ ಬಂದ ನೆಂಟರಿಗೆ ಇದೆ. ಅದನ್ನು ನಾನು ಕೈಮುಗಿದು ನಿಲ್ಲಿಸಿದ್ದೇನೆ. ಹೊರಗಿನ ಪಪ್ಪಾಯಿ ಬಿಟ್ಟುಕೊಡುವುದು ಬೇರೆ, ಕೈಯಿಂದ ಕೊಟ್ಟು ಭಯ ಬಿಡಿಸುವುದು ಬೇರೆ.

ಮಾರ್ಚ್: ನೈಲಾನ್ ಬಲೆ

ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಜೋತುಬಿದ್ದ ಆ ಬಲೆಯ ಅಂಚಿನಲ್ಲಿ ಒಂದು ಕೇರೆ ಹಾವು ಸಿಕ್ಕಿಕೊಂಡಿತು. ಆರು ಅಡಿ ಉದ್ದದ್ದು. ಬಲೆಯೊಳಗೆ ತಲೆ ಹೊಕ್ಕಿಸಿದ ಹಾವು ಹಿಂದೆ ಬರಲಾರದು, ಹುರುಪೆ ಸಿಕ್ಕಿಕೊಳ್ಳುತ್ತದೆ. ಮುಂದೆ ಹೋದಷ್ಟೂ ಬಿಗಿಯುತ್ತದೆ. ನಾನು ನೋಡುವ ಹೊತ್ತಿಗೆ ಬಿಸಿಲೇರಿತ್ತು, ಮೂರು ಕಡೆ ನೈಲಾನ್ ದಾರ ಚರ್ಮ ಕೊರೆದಿತ್ತು.

ಕೇರೆ ನಮ್ಮ ಕಡೆ ಯಾರಿಗೂ ಬೇಡದ ಹಾವಲ್ಲ. ವಿಷವಿಲ್ಲ, ಇಲಿ ತಿನ್ನುತ್ತದೆ. ಅಡಿಕೆ ಅಟ್ಟದಲ್ಲಿ ಅದರ ಪೊರೆ ಸಿಕ್ಕಿದರೆ ಅಪ್ಪಯ್ಯನಿಗೆ ಸಮಾಧಾನ. ಆದರೂ ನಾನೇ ಕೈಹಾಕಲಿಲ್ಲ. ಹಾವು ಹಿಡಿಯುವ ಹುಡುಗನಿಗೆ ಫೋನ್ ಮಾಡಿದೆ, ಮುಕ್ಕಾಲು ಗಂಟೆಯಲ್ಲಿ ಬೈಕಿನಲ್ಲಿ ಬಂದ. ಅಲ್ಲಿಯವರೆಗೆ ನೆರಳು ಮಾಡಿ, ಒದ್ದೆ ಗೋಣಿಚೀಲ ಹೊದಿಸಿ ಕೂತೆ. ಅವನು ತಲೆಗೆ ಬಟ್ಟೆ ಮುಚ್ಚಿ ಹಿಡಿದುಕೊಂಡ. ನಾನು ಉಗುರು ಕತ್ತರಿಯಿಂದ ಒಂದೊಂದೇ ಎಳೆ ತುಂಡು ಮಾಡಿದೆ. 40 ನಿಮಿಷ ಹಿಡಿಯಿತು. ಗಾಯ ತೊಳೆದು ಬೇಲಿ ಬದಿಯ ನೆರಳಿಗೆ ಬಿಟ್ಟೆವು. ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಕಲ್ಲಿನ ಸಂದಿಗೆ ಹೋಯಿತು. ಉಳಿಯಿತೋ ಇಲ್ಲವೋ.

"ಅಣ್ಣಾ, ಈ ಬಲೆಯಿಂದಾನೇ ನಂಗೆ ಅರ್ಧ ಕೆಲಸ ಬರೋದು" ಅಂದ ಆ ಹುಡುಗ.

ಅದೇ ಸಂಜೆ ಬಲೆ ಪೂರ್ತಿ ಕಿತ್ತೆ. ಹೇಗೂ ಅದು ಮಂಗಗಳಿಗೆ ತಡೆ ಏನೂ ಆಗಿರಲಿಲ್ಲ, ಎರಡು ಕಡೆ ಆಗಲೇ ಹರಿದು ಹೋಗಿತ್ತು. ಎರಡು ಸುರುಳಿ ವೆಲ್ಡ್ ಮೆಶ್ ತಂದು 24 ಅಡಿಯ ಮೂರು ಪಟ್ಟಿ ಮೇಲೆ ಹಾಸಿದೆ. ಆರು ಅಡಿಗೊಂದು ಅಡ್ಡ ಪೈಪು. ವೆಲ್ಡಿಂಗ್‌ನವನಿಗೆ ಬಿಡುವಿಲ್ಲದ್ದರಿಂದ ಪೈಪುಗಳನ್ನು ಕ್ಲಾಂಪ್ ಹಾಕಿ ಬೋಲ್ಟ್ ಬಿಗಿದೆ. ಇದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ. ವೆಲ್ಡ್ ಮಾಡಿದ್ದರೆ ಸತು ಸುಡುತ್ತಿತ್ತು. ಕತ್ತರಿಸಿದ ತುದಿಗಳಿಗೆಲ್ಲ ಸತುವಿನ ಬಣ್ಣ ಹಚ್ಚಿದೆ. ಹಗುರ ಬಳ್ಳಿ ಮಾತ್ರ ಮೇಲೆ ಹಬ್ಬಿಸುವುದು ಅಂತ ನಿಯಮ. ಸೋರೆಕಾಯಿ ಹಬ್ಬಿಸಿ ಒಂದು ಪಟ್ಟಿ ತೊಟ್ಟಿಲ ಹಾಗೆ ಜೋಲುಬಿದ್ದ ಮೇಲೆ ಬಂದ ನಿಯಮ ಇದು.

ಮೇ: ಬಾವಿ

ಜಾಲರಿ ಉಳಿದಿತ್ತು. ಅದಕ್ಕೊಂದು ಕೆಲಸ ತಾನಾಗಿ ಹುಟ್ಟಿತು. ಹಿತ್ತಲ ಬಾವಿಯ ಕಟ್ಟೆ ಮೊಣಕಾಲೆತ್ತರ. ಒಂದು ರಾತ್ರಿ ಅದರೊಳಗೆ ಪರಚುವ ಸದ್ದು. ಟಾರ್ಚ್ ಬಿಟ್ಟರೆ 20 ಅಡಿ ಕೆಳಗೆ, ನೀರಿನ ಮೇಲಿನ ಕಲ್ಲಿನ ಅಂಚಿನಲ್ಲಿ ಒಂದು ಮರಬೆಕ್ಕು ಮುದುಡಿ ಕೂತಿದೆ. ನಮ್ಮಲ್ಲಿ ಎಲ್ಲದಕ್ಕೂ ಪುನುಗು ಬೆಕ್ಕು ಅಂತಲೇ ಹೇಳುವುದು. ರಾತ್ರಿ ಪಪ್ಪಾಯಿ ತಿಂದು, ಬೈನೆ ಹಣ್ಣು ತಿಂದು, ಬೀಜವನ್ನೆಲ್ಲ ನಮ್ಮ ಅಂಗಳದ ಕಟ್ಟೆಯ ಮೇಲೆ ಬಿಟ್ಟು ಹೋಗುವ ಗಿರಾಕಿ.

ಬುಟ್ಟಿ ಇಳಿಸಿದರೆ ಹತ್ತಲಿಲ್ಲ, ಇನ್ನೂ ಮೂಲೆಗೆ ಸರಿಯಿತು. ತೋಟದಲ್ಲಿ ಗಾಳಿಗೆ ಬಿದ್ದ ಅಡಿಕೆ ಮರ ಇತ್ತು. ಅದರ ಕಾಂಡ ನುಣುಪು, ಹಾಗೇ ಇಳಿಸಿದರೆ ಪ್ರಯೋಜನ ಇಲ್ಲ. ಬುಡದಿಂದ ತುದಿಯವರೆಗೆ ತೆಂಗಿನ ನಾರಿನ ಹಗ್ಗ ಸುತ್ತಿ, ಓರೆಯಾಗಿ ಬಾವಿಗೆ ಇಳಿಸಿ, ಕಟ್ಟೆಗೆ ಕಟ್ಟಿದೆವು. ನಾಯಿಯನ್ನು ಒಳಗೆ ಹಾಕಿ, ನಾವೂ ಒಳಗೆ ಬಂದೆವು. ಹಗಲಿಡೀ ಅದು ಅಲ್ಲಾಡಲಿಲ್ಲ. ಕತ್ತಲಾದ ಮೇಲೆ ನೋಡಿದರೆ ಇಲ್ಲ. ಕಟ್ಟೆಯ ಮೇಲೆ ಒದ್ದೆ ಹೆಜ್ಜೆ ಮಾತ್ರ ಇತ್ತು.

ಬಾವಿ 8 ಅಡಿ ಅಗಲ. 4 ಅಡಿಯ ಎರಡು ಪಟ್ಟಿ ಜೋಡಿಸಿ, ಪೈಪಿನ ಚೌಕಟ್ಟು ಮಾಡಿ ಮುಚ್ಚಿದೆ. ಕೊಡಪಾನ ಇಳಿಸಲು ಎರಡು ಅಡಿಯ ಕಿಂಡಿ, ಅದಕ್ಕೂ ಅದೇ ಸ್ಪ್ರಿಂಗ್ ಕೊಕ್ಕೆ. ಹಗ್ಗ ಸುತ್ತಿದ ಅಡಿಕೆ ಮರ ಮಾತ್ರ ಒಳಗೇ ಇದೆ, ಅದರ ತುದಿ ಕಿಂಡಿಯ ಕೆಳಗೆ ಬರುವ ಹಾಗೆ. ಕಿಂಡಿ ಹಾಕಲು ಮರೆಯುವವರು ನಮ್ಮ ಮನೆಯಲ್ಲಿ ಇಬ್ಬರಿದ್ದೇವೆ.

ಈಗ

ಒಂದು ಮಳೆಗಾಲ ಕಳೆದಿದೆ. ಜಾಲರಿ ಸುರುಳಿ, ಪೈಪು, ಸಿಮೆಂಟು, ಸಾಗಾಟ ಎಲ್ಲ ಸೇರಿ ಖರ್ಚು ಎಷ್ಟಾಯಿತು ಅಂತ ಆಯಿ ಕೇಳಿದಳು. ಹೇಳಿದೆ. ಅಷ್ಟು ದುಡ್ಡಿಗೆ ಎಷ್ಟು ವರ್ಷದ ತರಕಾರಿ ಬರುತ್ತಿತ್ತು ಅಂತ ಅವಳು ಬೆರಳು ಮಡಿಸಲು ಶುರು ಮಾಡಿದ್ದರಿಂದ ನಾನು ಅಲ್ಲಿಂದ ಎದ್ದೆ. ಆದರೆ ಬಸಳೆ ಚಪ್ಪರ, ತೊಂಡೆ, ಹರಿವೆ, ಬದನೆ ವಾರಕ್ಕೆ ಮೂರು ದಿನ ಒಳಗಿನದ್ದೇ ಸಾಂಬಾರಿಗೆ ಬರುತ್ತಿದೆ. ಸೆಪ್ಟೆಂಬರ್‌ನಲ್ಲಿ ಟುವ್ವಿ ಹಕ್ಕಿಯೊಂದು ಬದನೆ ಎಲೆ ಹೊಲಿದು ಒಳಗೇ ಗೂಡು ಮಾಡಿತ್ತು. ಎರಡು ಇಂಚಿನ ಕಣ್ಣಲ್ಲಿ ಅದು ನೂಲು ಹೊಕ್ಕ ಹಾಗೆ ಬಂದು ಹೋಗುತ್ತಿತ್ತು. ಕೆಂಬೂತ ಹೊರಗೆ ಜಾಲರಿ ಹಿಡಿದು ಕೂತು ನೋಡುತ್ತಿತ್ತು. ಮೂರು ಮರಿ ಹಾರಿಹೋಗುವವರೆಗೆ ಆ ಗಿಡದ ಬದನೆ ಕೊಯ್ಯಲಿಲ್ಲ, ಬಲಿತು ಹಳದಿಯಾದವು.

ಹೊರಗಿನ ಪಪ್ಪಾಯಿ ಈ ವರ್ಷ ನಮಗೆ ಸಿಕ್ಕಿದ್ದು ನಾಲ್ಕು. ಬಾವಿಯ ಜಾಲರಿಯ ಮೇಲೆ ಬೆಳಿಗ್ಗೆ ಪಪ್ಪಾಯಿ ಬೀಜದ ಗುಪ್ಪೆ ಇರುತ್ತದೆ, ಹಾಗಾಗಿ ಉಳಿದದ್ದು ಯಾರಿಗೆ ಹೋಯಿತು ಅಂತ ಗೊತ್ತು. ಈಗ ಅಪ್ಪಯ್ಯ ನೀರು ಸೇದುವ ಮೊದಲು ಪೊರಕೆ ತೆಗೆದುಕೊಂಡು ಹೋಗುತ್ತಾನೆ. ಜಾಲರಿಯ ಮೇಲೊಂದು ತಗಡು ಹಾಸಬೇಕು, ಗುಪ್ಪೆ ನೀರಿಗೆ ಬೀಳದ ಹಾಗೆ. ಅದು ಇನ್ನೂ ಆಗಿಲ್ಲ.

ಅದಕ್ಕಿಂತ ಮೊದಲು ಹಲಸಿನ ಬೇರಿನ ಮೂಲೆ ನೋಡಬೇಕು. ಸುವರ್ಣಗಡ್ಡೆ ಮತ್ತೆ ಬಲಿಯುತ್ತಿದೆ. ನಿನ್ನೆ ಬೆಳಿಗ್ಗೆ ಅಲ್ಲಿನ ಚಿರೆಕಲ್ಲು ನಾಲ್ಕು ಬೆರಳಷ್ಟು ಸರಿದಿತ್ತು, ಪಕ್ಕದಲ್ಲಿ ಹೊಸ ಮಣ್ಣು. ಭಾನುವಾರ ಹಾರೆ ಹಿಡಿದು ಕೂರಬೇಕು.